ಮರಳಿನಡಿಯ ಕರೆ

"ಇಡೀ ಚೀಲ ತಗೊಂಡು ಹೋಗಿ ಮಾರಾಯ್ರೆ. ಇದೊಂದು ಮಾತ್ರ ನಂಗೆ ವಾಪಸ್ ಕೊಡಿ" ಎಂದು ಬೀರಾನ್ ಕಾಕ ಕೈ ಚಾಚಿದರು.

ಕುವೈತಿನ ರಾಯ್ ಎಂಬಲ್ಲಿಯ ಶುಕ್ರವಾರದ ಸಂತೆಯಲ್ಲಿ ಹಳೆಯ ಸಾಮಾನು ಮಾರುತ್ತ ಮೂವತ್ತು ವರ್ಷ ಕಳೆದ ಉಪ್ಪಿನಂಗಡಿಯ ಬ್ಯಾರಿ ಅವರು. ಎದುರಿಗಿದ್ದ ವಿನೀತ್ ಕುವೈತಿಗೆ ಬಂದು ವರ್ಷವೂ ತುಂಬಿರಲಿಲ್ಲ. ಚೀಲದಲ್ಲಿ ಸ್ಕೀ ಬೂಟುಗಳಿದ್ದವು, ದಪ್ಪ ಕೋಟುಗಳಿದ್ದವು, ಅಂಗೈಯಗಲದ ಮೂರು ಕಿತ್ತಳೆ ಬಣ್ಣದ ಯಂತ್ರಗಳಿದ್ದವು. ಹಿಮ ಕುಸಿದು ಮನುಷ್ಯನನ್ನು ಹೂತರೆ ಅವನ ಎದೆಯ ಮೇಲಿನ ಯಂತ್ರ ಒಳಗಿನಿಂದ ಕರೆಯುತ್ತದೆ. ಮೇಲಿದ್ದವನ ಯಂತ್ರ ಆ ಕರೆ ಹಿಡಿದು, ಎಷ್ಟು ಮೀಟರ್ ದೂರ ಎಂದು ಅಂಕಿಯಲ್ಲಿ ತೋರಿಸುತ್ತದೆ. ಮೂರರಲ್ಲಿ ಒಂದರ ಬ್ಯಾಟರಿ ಬಾಗಿಲಿಗೆ ಮಾತ್ರ ಕಪ್ಪು ನೂಲು ಸುತ್ತಿ ಮೇಲೆ ಮೇಣ ಮೆತ್ತಿತ್ತು.

"ಇದನ್ನು ಕಟ್ಟಿಕೊಂಡು ಹೋದ ಅರಬಿ ಹುಡುಗ ಹಿಮದಡಿ ಸತ್ತ. ಅವರ ವಿಲ್ಲಾ ಖಾಲಿ ಮಾಡುವಾಗ ನಂಗೆ ಸಿಕ್ಕಿದ್ದು. ಬ್ಯಾಟರಿ ತೆಗೆದ ಮೇಲೂ ಕೂಗ್ತಾ ಇತ್ತಂತೆ. ಅವನನ್ನು ಹೆತ್ತ ಉಮ್ಮ ಯಾರನ್ನೋ ಕರೆಸಿ ಕಟ್ಟಿಸಿದ್ರು. ನೂಲು ಕಡಿದು ಮಣ್ಣಿಗೆ ಹಾಕಿದ್ರೆ ಅವನಿಗೆ ದಾರಿ ಆಗ್ತದೆ. ಅಷ್ಟೇ ನಂಗೆ ಗೊತ್ತು."

"ಕಾಕ, ಇಷ್ಟು ವರ್ಷ ಇಲ್ಲಿದ್ದೂ ಊರಿನ ಮಾಟ-ಗೀಟ ಬಿಡ್ಲಿಲ್ವಾ ನೀವು?" ವಿನೀತ್ ನಕ್ಕು ಚೀಲದ ಜಿಪ್ ಎಳೆದ. "ನಾವು ಮೂರು ಜನ. ಮೂರೂ ಬೇಕು."

"ಸಮುದ್ರಕ್ಕೆ ಬಿಡುವ ಅಂತ ಇದ್ದೆ. ಇವತ್ತು ನಾಳೆ ಅಂತ ನಾನೇ ಉಳಿಸಿದ್ದು" ಎಂದು ಮುದುಕರು ಆಚೆ ತಿರುಗಿದರು.

ಫೆಬ್ರವರಿಯಲ್ಲಿ ಕಿರ್ಗಿಸ್ತಾನಕ್ಕೆ ಹೋಗುವುದೆಂದು ವಿನೀತ್ ನಿಶ್ಚಯಿಸಿದ್ದ. ರಸ್ತೆ ಮುಗಿದ ಮೇಲೆ ಅರ್ಧ ದಿನ ಹಿಮದಲ್ಲಿ ಸ್ಕೀ ಕಟ್ಟಿಕೊಂಡು ಹತ್ತಿದರೆ ಕಂಬಳಿ ಹೊದಿಸಿದ ದುಂಡು ಗುಡಾರವೊಂದು ಸಿಗುತ್ತದೆ. ಅದಕ್ಕೆ ಯರ್ಟ್ ಎನ್ನುತ್ತಾರೆ. ಅಲ್ಲಿ ಮೂರು ರಾತ್ರಿ. ಹೂತ ಯಂತ್ರವನ್ನು ಹತ್ತು ಸಲ ಹುಡುಕಿ ಅಭ್ಯಾಸ ಮಾಡಿದವರನ್ನು ಮಾತ್ರ ಮೇಲೆ ಕರೆದೊಯ್ಯುವೆ ಎಂದು ಅಲ್ಲಿನ ಗೈಡ್ ಬರೆದಿದ್ದ. ಕುವೈತಿನಲ್ಲಿ ಹಿಮ ಎಲ್ಲಿಂದ ತರುವುದು? ಮರಳಿದೆಯಲ್ಲ ಎಂದುಕೊಂಡ ವಿನೀತ್.

ಮುಂದಿನ ಶುಕ್ರವಾರ ಬೆಳಿಗ್ಗೆ ಅವನ ಜೊತೆ ಹೊರಟವನು ರೋಶನ್, ಹೆಂಡತಿ ಅಪೇಕ್ಷಾಳ ತಮ್ಮ. ಪೇಟೆಯ ನಡುವೆ ಮಿರ್ಕಾಬ್‌ನ ಆಫೀಸೊಂದಕ್ಕೆ ಸೇರಿ ಮೂರು ತಿಂಗಳಾಗಿತ್ತು. ತಾಯಿ ತೀರಿಕೊಂಡಾಗ ಅವನಿಗೆ ಆರು ವರ್ಷ. ಅಂದಿನಿಂದ ಎತ್ತಿ ಆಡಿಸಿ ಬೆಳೆಸಿದವಳು ಅಪೇಕ್ಷಾಳೇ.

"ಅಕ್ಕ, ಸ್ನೋ ನೋಡುವ ಮೊದಲೇ ಭಾವ ನನ್ನನ್ನು ಮರಳಲ್ಲಿ ಹುಗಿದು ಬರ್ತಾರೆ ನೋಡು" ಎಂದು ಅವನು ಬಾಗಿಲಲ್ಲಿ ನಿಂತು ಬೂಟು ಹಾಕಿಕೊಂಡ.

"ಬಾಯಲ್ಲಿ ಒಳ್ಳೆ ಮಾತೇ ಬರೂದಿಲ್ಲ ನಿಂಗೆ" ಎಂದಳು ಅಪೇಕ್ಷಾ, ಬಂಗುಡೆಗೆ ಮಸಾಲೆ ಹಚ್ಚುತ್ತ. ಗಂಡನಿಗೆ ಹೇಳಿದಳು: "ಊಟದ ಹೊತ್ತಿಗೆ ಕರ್ಕೊಂಡು ಬನ್ನಿ ಅವನನ್ನು."

ಊರಂಚಿನ ಸುಲೈಬಿಯಾದ ಗೋದಾಮುಗಳು ಹಿಂದೆ ಬಿದ್ದವು. ಬಯಲಿನಲ್ಲಿ ಕಾರು ನಿಲ್ಲಿಸಿ ವಿನೀತ್ ಬ್ಲೇಡಿನಿಂದ ನೂಲು ಕಡಿದ. ಮೇಣ ಒಡೆಯಿತು. ಕೂದಲು ಸುಟ್ಟಂಥ ವಾಸನೆ ಬಂತು. ಹೊಸ ಬ್ಯಾಟರಿ ಹಾಕಿದೊಡನೆ ಯಂತ್ರ ಕೂಗಿತು. ರೋಶನ್ ಅದನ್ನೂ ಒಂದು ಸಲಿಕೆಯನ್ನೂ ಹಿಡಿದು, ಹೂತು ಬರಲು ದಿಬ್ಬದಾಚೆ ನಡೆದ.

ವಿನೀತ್ ಬೆನ್ನು ತಿರುಗಿಸಿ ಕಣ್ಣು ಮುಚ್ಚಿ ನಿಂತ. ಕಣ್ಣು ತೆರೆದಾಗ ಪಡುವಣದಿಂದ ಧೂಳಿನ ಗೋಡೆಯೊಂದು ಎದ್ದು ಬರುತ್ತಿತ್ತು. ನೋಡನೋಡುತ್ತ ಸೂರ್ಯ ತಾಮ್ರದ ಬಿಲ್ಲೆಯಾದ. ಆಮೇಲೆ ಅದೂ ಕಾಣಿಸಲಿಲ್ಲ.

"ರೋಶನ್! ಸಾಕು, ಬಾ!"

ಕೈಯಲ್ಲಿದ್ದ ಇನ್ನೊಂದು ಯಂತ್ರ ತಾನಾಗಿ ಮಿನುಗಿತು. ನಲವತ್ತು. ಕಾರಿನಲ್ಲಿದ್ದ ಇನ್ನೊಂದು ಸಲಿಕೆ ಎಳೆದುಕೊಂಡು ವಿನೀತ್ ಬಾಣದ ಗುರುತಿನತ್ತ ಓಡಿದ. ಮೂವತ್ತೊಂದು. ಹತ್ತೊಂಬತ್ತು. ಗಾಳಿ ತಣ್ಣಗಾಯಿತು. ಒದ್ದೆ ಕಂಬಳಿಯ ವಾಸನೆ ಬಂತು, ಸೀಮೆಎಣ್ಣೆ ಒಲೆಯ ಹೊಗೆ ಬಂತು. ಕಾಲಡಿಯ ಮರಳು ಕರಕರ ಮುರಿಯತೊಡಗಿತು. ಏಳು. ಮೂರು. ಕಾಲು ಮುಗ್ಗರಿಸಿತು. ರೋಶನ್‌ನ ಸಲಿಕೆ. ಅದರ ಹಿಡಿಯ ಮೇಲೆ ಬಿಳಿಯ ಹುಡಿ. ಮುಟ್ಟಿದರೆ ಕರಗಿತು.

ಒಂದು.

ಅಗೆದ. ಉಸಿರು ಹೊಗೆಯಾಗಿ ಬಂತು. ಅಗೆದ. ಬೆರಳುಗಳು ಸಿಕ್ಕವು. ಕೈ ಸಿಕ್ಕಿತು. ಭುಜ. ಮುಖ. ರೋಶನ್‌ನ ಮುಖ. ರೆಪ್ಪೆಗಳ ಮೇಲೆ ಮಂಜುಗಡ್ಡೆ. ಬಾಯಿಯ ಮರಳನ್ನು ಬೆರಳಿನಿಂದ ತೋಡಿದ. ಎದೆ ಗುದ್ದಿದ. ಮತ್ತೆ ಗುದ್ದಿದ. ಕೊನೆಗೊಮ್ಮೆ ಕೆಮ್ಮು. ಉಸಿರು. ವಿನೀತ್ ಅವನನ್ನು ಹೆಗಲಿಗೆ ಹಾಕಿಕೊಂಡು ಅಳುತ್ತ ಕಾರಿಗೆ ಓಡಿದ. ಹಿಂದೆ, ಗುಂಡಿಯ ತಳದಲ್ಲಿ, ಯಂತ್ರ ಇನ್ನೂ ಕೂಗುತ್ತಿತ್ತು. ಅದು ಯಾರಿಗೆ ಬೇಕಿತ್ತು?

ಅಪೇಕ್ಷಾ ಆಸ್ಪತ್ರೆಗೆ ಬಂದಾಗ ರೋಶನ್ ಎದ್ದು ಕೂತಿದ್ದ. ಮೂರು ಕಂಬಳಿ ಹೊದಿಸಿದರೂ ನಡುಗುತ್ತಿದ್ದ. ಅವಳು ಹಣೆ ಸವರಿ ತುಳುವಿನಲ್ಲಿ ಏನೋ ಕೇಳಿದಳು. ಅವನು ಅವಳನ್ನು ಅಪರಿಚಿತಳಂತೆ ನೋಡಿದ. ನಂತರ ವಿನಯದಿಂದ ಅರಬಿಯಲ್ಲಿ ಉತ್ತರಿಸಿದ. ನಿರರ್ಗಳವಾಗಿ, ಹುಟ್ಟಿದಂದಿನಿಂದ ಆಡಿದವನ ಹಾಗೆ. ಯಲ್ಲಾ, ಖಲಾಸ್ ಬಿಟ್ಟರೆ ಮೂರನೆಯ ಪದ ಗೊತ್ತಿಲ್ಲದವನು ರೋಶನ್.

"ತಾಯಿ ಎಲ್ಲಿ ಅಂತ ಕೇಳ್ತಿದ್ದಾನೆ" ಎಂದಳು ನರ್ಸ್, ವಿನೀತ್‌ನತ್ತ ತಿರುಗಿ. "ತುಂಬ ಹೊತ್ತು ಕೂಗಿದೆ, ಯಾರೂ ಬರಲಿಲ್ಲ, ಕೊನೆಗೆ ಈ ಮನುಷ್ಯ ಬಂದು ತೆಗೆದ ಅಂತಿದ್ದಾನೆ. ನಿಮ್ಮಿಂದ ದೊಡ್ಡ ಉಪಕಾರ ಆಯ್ತಂತೆ."

ಅಪೇಕ್ಷಾ ನಿಧಾನವಾಗಿ ಕೈ ಹಿಂದೆಗೆದಳು. ಗಂಡನತ್ತ ತಿರುಗಿದಳು.

"ಇವನು ಯಾರೋ. ಹೋಗಿ ನನ್ನ ತಮ್ಮನನ್ನು ಕರ್ಕೊಂಡು ಬನ್ನಿ."

ಮರುದಿನ ಆಕಾಶ ತೊಳೆದಿಟ್ಟಂತಿತ್ತು. ಗುಂಡಿ ಮುಚ್ಚಿಹೋಗಿ ಬಯಲು ಸಮವಾಗಿತ್ತು. ವಿನೀತ್ ಯಂತ್ರ ಒತ್ತಿದ. ಕರೆ ಸಿಕ್ಕಿತು. ನೇರ ಕಾಲಡಿಯಿಂದ. ನಾಲ್ಕು ಮೀಟರ್. ನಾಲ್ಕೇ ತಾನೇ ಎಂದು ಅಂಗಿ ಕಳಚಿ ಅಗೆಯಲು ನಿಂತ. ಮೊಣಕಾಲಿನ ಆಳವಾಯಿತು. ಸೊಂಟದ ಆಳವಾಯಿತು. ಕೈ ಬೊಬ್ಬೆ ಬಂದು ಒಡೆಯಿತು. ಬೆವರು ಒರೆಸಿಕೊಂಡು ಅಂಕಿ ನೋಡಿದ.

ಒಂಬತ್ತು.

ಇನ್ನೊಂದು ಸಲಿಕೆ ಮರಳು ತೆಗೆದ. ಹತ್ತು. ಕೈ ನಿಲ್ಲಿಸಿದ. ಅಂಕಿ ಹತ್ತರಲ್ಲೇ ನಿಂತಿತು, ಕೆಳಗಿನಿಂದ ಕರೆ ಸಣ್ಣಗೆ ಕೇಳುತ್ತಲೇ ಇತ್ತು.