ಬಾವಿ ನೀರಿನ ಟೀ

ಅರ್ಮಾನ್ ಮೂರು ಸಲ ಬಂದರೂ ಟೀ ಮುಟ್ಟಲಿಲ್ಲ. ಶಿಡ್ಲಘಟ್ಟದಲ್ಲಿ ಬಾಗಿಲಿಗೆ ಬಂದವರು ಟೀ ಬೇಡವೆಂದರೆ ಒಂದೋ ಸಕ್ಕರೆ ಕಾಯಿಲೆ, ಇಲ್ಲವೇ ಕೊಬ್ಬು. ಇವನಿಗೆ ಎರಡನೆಯದೇ ಎಂದು ಸಾಬ್ರೀನ್ ತೀರ್ಮಾನಿಸಿಬಿಟ್ಟಳು.

ಅವನು ನೀರಿನ ಮಾಲಿನ್ಯ ತಪಾಸಣೆ ಮಾಡುವ ಆಫೀಸಿನವನು. ಅವಳು ಅಪ್ಪ ತೀರಿಕೊಂಡ ಮೇಲೆ ಹದಿನಾಲ್ಕು ಹೆಂಗಸರನ್ನಿಟ್ಟುಕೊಂಡು ರೇಷ್ಮೆ ನೂಲು ತೆಗೆಯುವ ಯೂನಿಟ್ ನಡೆಸುವವಳು. ಗೂಡು ಬೇಯಿಸಿದ ನೀರು ಹಿತ್ತಲಿನ ಚರಂಡಿ ಸೇರುತ್ತಿತ್ತು. ಚರಂಡಿಯ ಪಕ್ಕದಲ್ಲೇ ಬಾವಿ. ಅವನು ಬಾವಿ ನೀರನ್ನು ಬಾಟಲಿಗೆ ತುಂಬಿ, ಲೇಬಲ್ ಮೇಲೆ ಅವಳ ಸಹಿ ಪಡೆದು, ಅರೆಗಳಿಗೆ ಕಣ್ಣೆತ್ತಿ ನೋಡಿ ಹೊರಟುಬಿಡುತ್ತಿದ್ದ. ಆ ಅರ್ಧ ನೋಟಕ್ಕಾಗಿ ತಾನು ಹೊಸ ದುಪಟ್ಟಾ ಹೊದೆಯುತ್ತಿದ್ದುದು ಅವಳಿಗೆ ಗೊತ್ತಿತ್ತು. ಒಪ್ಪಿಕೊಳ್ಳಲು ಮಾತ್ರ ಮನಸ್ಸಿರಲಿಲ್ಲ.

ನಾಲ್ಕನೆಯ ಸಲ, ಕೊನೆಯ ಸ್ಯಾಂಪಲ್‌ಗೆ ಅವನು ಬರುವ ಸುದ್ದಿ ಕೇಳಿ, ಕೆಲಸದ ಅಮ್ಮಾಜಮ್ಮ ಸಾಬ್ರೀನ್ ನೋಡುತ್ತಿದ್ದಂತೆಯೇ ಬಾವಿಯ ಬಕೆಟ್‌ಗೆ ಫಿಲ್ಟರ್ ಕ್ಯಾನ್ ನೀರು ಸುರಿದು, ಆಗಷ್ಟೇ ಸೇದಿದ ಹಾಗೆ ಕಟ್ಟೆಯ ಮೇಲಿಟ್ಟಳು. ಯೂನಿಟ್ ಮುಚ್ಚಿದರೆ ಎಲ್ಲರ ಅನ್ನ ಹೋಗುತ್ತದೆಂಬ ಭಯ ಅವಳಿಗೆ. ಅದೇ ಅಮ್ಮಾಜಮ್ಮನ ಮೊಮ್ಮಗಳು ಈ ಬಾವಿ ಕೆಟ್ಟ ಮೇಲೆ ಎರಡು ಬೀದಿ ದಾಟಿ ಕುಡಿಯುವ ನೀರು ಹೊರುತ್ತಿದ್ದಳು.

ಅರ್ಮಾನ್ ಬಾಟಲಿ ತುಂಬಿ ಪೆನ್ನು ಚಾಚಿದ. ಸಾಬ್ರೀನ್ ಪೆನ್ನು ಹಿಡಿದಳು, ಬರೆಯಲಿಲ್ಲ.

"ಇದು ಬಾವಿ ನೀರಲ್ಲ ಸರ್."

"ಗೊತ್ತು. ವಾಸನೇನೇ ಇಲ್ಲ."

"ಮತ್ಯಾಕೆ ತುಂಬಿದ್ರಿ?"

"ನೀವು ಸೈನ್ ಹಾಕ್ತೀರಾ ನೋಡೋಣ ಅಂತ. ಹಾಕಿಬಿಡ್ತೀರೇನೋ ಅಂತ ಹೆದರಿದ್ದೆ."

ಅವಳೇ ಬಾವಿಯಿಂದ ಸೇದಿಕೊಟ್ಟಳು. ಹದಿನೈದು ದಿನಕ್ಕೆ ನೋಟಿಸ್ ಬಂತು: ನೀರು ಸೋಸುವ ತೊಟ್ಟಿ ಕಟ್ಟುವವರೆಗೆ ಕೆಲಸ ಬಂದ್. ಹೆಂಗಸರನ್ನೆಲ್ಲ ಪರಿಚಯದವರ ಯೂನಿಟ್‌ಗಳಿಗೆ ಸೇರಿಸಿ, ವಾಪಸ್ ಕರೆಸುತ್ತೇನೆಂದು ಮಾತು ಕೊಟ್ಟಳು. ಅವನ ಮೇಲೆ ಸಿಟ್ಟು ಬರಲೆಂದು ಕಾದಳು. ಬರಲಿಲ್ಲ, ಬಂದದ್ದು ಅವನ ನೆನಪು.

ಮೂರು ತಿಂಗಳಿಗೆ ತೊಟ್ಟಿ ಮುಗಿದು, ಹದಿನಾಲ್ಕು ಜನವೂ ಮರಳಿದರು. ಆ ಭಾನುವಾರ ಅರ್ಮಾನ್ ಬ್ಯಾಗಿಲ್ಲದೆ ಬಂದ. ಮೊದಲ ಸಲ ಉರ್ದುವಿನಲ್ಲಿ ಮಾತಾಡಿದ. ಅವಳ ಫೈಲನ್ನು ಸಹೋದ್ಯೋಗಿಗೆ ವಹಿಸಿದ್ದನಂತೆ. ತಪಾಸಣೆಗೆ ಹೋದ ಕಡೆ ಏನೂ ಕುಡಿಯಬಾರದೆಂಬುದು ಅವನ ನಿಯಮವಂತೆ.

"ಇವತ್ತು ಟೀ ಕೇಳೋಕ್ಕೇ ಬಂದೆ, ಸಾಬ್ರೀನ್."

ಇಷ್ಟು ದಿನದ 'ಮೇಡಂ' ಹೋಗಿ ಹೆಸರು ಬಂದಿತ್ತು. ಅವಳು ಕೆನ್ನೆ ಮುಚ್ಚಿಕೊಳ್ಳಲು ದುಪಟ್ಟಾ ಸರಿಪಡಿಸಿದಳು.

"ಕ್ಯಾನ್ ನೀರಲ್ಲಿ ನಿಮಗೆ ಟೀ ಮಾಡಲ್ಲ. ಬಾವಿ ತಿಳಿಯಾಗ್ಲಿ."

"ಅದಕ್ಕೆ ಎರಡು ಮಳೆಗಾಲ ಬೇಕು."

"ಕಾಯ್ತೀನಿ. ನೀವು ವಾರಕ್ಕೊಂದ್ಸಲ ಬಂದು ನೀರು ನೋಡ್ಕೊಂಡು ಹೋಗಿ."

ಅವನು ಬಾವಿಯ ಕಡೆ ನೋಡಿದ, ಆಮೇಲೆ ಅವಳನ್ನು, ಈ ಸಲ ಪೂರ್ತಿಯಾಗಿ. ವಾರಕ್ಕೆರಡು ಸಲ ನೋಡಿದರೆ ಬೇಗ ತಿಳಿಯಾಗಬಹುದೇ ಎಂದು ಕೇಳಿದ.