ಇಳಿಜಾರಿನಲ್ಲಿ ಎರಡು ಬೆಲ್

ಭಾವನಿಂದ ಅವನು ಕೇಳಿದ್ದು ಮೌನವೊಂದನ್ನೇ. ಸುಳ್ಳು ಹೇಳಿ ಎಂದಿರಲಿಲ್ಲ. ಬಾಯಿ ಮುಚ್ಚಿಕೊಂಡಿರಿ, ಅಷ್ಟು ಸಾಕು ಎಂದಿದ್ದ. ಅಕ್ಕನ ಗಂಡನಾದವನು ಹೆಂಡತಿಯ ತಮ್ಮನಿಗಾಗಿ ಅಷ್ಟೂ ಮಾಡಲಾರನೇ?

ಪ್ರೆಸ್ಸಿನಲ್ಲಿ ಅವನು ಫಿಟ್ಟರ್, ಭಾವ ಫೋರ್‌ಮನ್. ಕಾಗದ ಕತ್ತರಿಸುವ ಯಂತ್ರದಲ್ಲಿ, ಅಲಗಿನ ಕೆಳಗೆ ಕೈ ಹೋಗದಂತೆ ತಡೆಯುವ ಒಂದು ಸರಳು ಇರುತ್ತದೆ. ಕೆಲಸ ಬೇಗ ಸಾಗಲೆಂದು ಅದನ್ನು ಬಿಚ್ಚಿಟ್ಟವನು ಅವನು. ಅಂಗೈ ಕಳೆದುಕೊಂಡವಳು ಆ ದಿನ ಯಂತ್ರದ ಮುಂದೆ ನಿಂತಿದ್ದ ಹೆಂಗಸು. ಎಲ್ಲರೂ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಾಗ ಅವನು ಒಳಗೇ ಉಳಿದು ಸರಳನ್ನು ಮತ್ತೆ ಕೂರಿಸಿ ನಟ್ಟು ಬಿಗಿದ. ಈಗ ಇಡೀ ಪ್ರೆಸ್ಸು ಅವಳಿಗೇ ಮೈಮೇಲೆ ಎಚ್ಚರವಿರಲಿಲ್ಲ ಎನ್ನುತ್ತಿತ್ತು. ಭಾವನ ಕಣ್ಣುಗಳಿಗೆ ಪೊರೆ ಬಂದಿತ್ತು. ದೂರದ ಮುಖ ಗುರುತು ಹತ್ತುತ್ತಿರಲಿಲ್ಲ. ಆದರೆ ಸ್ಪ್ಯಾನರಿನ ಸದ್ದು ಕೇಳಿ ಬಾಗಿಲಲ್ಲಿ ನಿಂತುಬಿಟ್ಟಿದ್ದ. ಏನು ಬಿಗಿಯುತ್ತಿದ್ದೀಯ ಎಂದೂ ಕೇಳಿರಲಿಲ್ಲ.

ಕೆಲವು ದಿನ ಬಿಟ್ಟು, ಊಟದ ತಟ್ಟೆಯ ಮುಂದೆ ಭಾವ ಹೇಳಿದ್ದ: "ಆ ಹೆಂಗಸಿನ ಕೈಯೂ ಹೋಯ್ತು, ತಪ್ಪೂ ಅವಳದ್ದೇ ಆಯ್ತು. ನಂಗೆ ಅನ್ನ ಇಳೀತಿಲ್ಲ ಕಣೋ. ವಿಚಾರಣೇಲಿ ನೀನೇ ಬಾಯ್ಬಿಟ್ಟು ಹೇಳು, ನಾನು ಪಕ್ಕದಲ್ಲೇ ಇರ್ತೀನಿ. ನೀನು ಹೇಳ್ಲಿಲ್ಲ ಅಂದ್ರೆ ನಾನು ಹೇಳ್ಬೇಕಾಗುತ್ತೆ."

ಅಂದಿನಿಂದ ಬಾಗಿಲು ಬಡಿದರೆ ಅವನ ಎದೆ ಧಸಕ್ಕೆನ್ನುತ್ತಿತ್ತು. ಖಾಕಿ ಬಟ್ಟೆ ತೊಟ್ಟವನು ಅಂಚೆಯವನೇ ಆದರೂ ಅವನು ಒಳಕೋಣೆಗೆ ಸರಿಯುತ್ತಿದ್ದ. ಜೈಲಿನ ಕನಸು ಬೀಳುತ್ತಿರಲಿಲ್ಲ. ನಿದ್ದೆ ಬಂದರೆ ತಾನೇ ಕನಸು.

ದಾರಿ ತೋರಿಸಿದ್ದು ದಿನನಿತ್ಯದ ದಾರಿಯೇ.

ಮನೆಯಿಂದ ಪ್ರೆಸ್ಸಿಗೆ ಸೈಕಲ್ಲಿನವರಿಗೆ ಎರಡು ದಾರಿ. ಒಂದು ಮೇಲ್ಸೇತುವೆ. ಅಲ್ಲಿ ಕಾಂಕ್ರೀಟು ಉದುರಿ ಕಬ್ಬಿಣ ಹೊರಬಿದ್ದ ಅಂಚು, ಚಕ್ರ ಸಿಕ್ಕಿಕೊಳ್ಳುವ ಸಂದುಗಳು, ಬೆನ್ನಿಗೇ ಅಂಟಿಕೊಂಡು ಹಾರ್ನ್ ಹೊಡೆಯುವ ಲಾರಿಗಳು. ಇನ್ನೊಂದು, ರೈಲು ನಿಂತ ಮೇಲೆ ಸೈಕಲ್ಲಿನವರಿಗೆ ಬಿಟ್ಟುಕೊಟ್ಟ ಹಳೆಯ ಸುರಂಗ. ಅದು ಬಾಗಿಕೊಂಡು ಸಾಗುತ್ತದೆ. ನಡುಭಾಗಕ್ಕೆ ಎರಡೂ ಬಾಯಿಗಳ ಬೆಳಕು ತಲುಪುವುದಿಲ್ಲ. ಹಾಕಿದ್ದ ದೀಪಗಳ ತಂತಿ ತುಕ್ಕು ಹಿಡಿದು ಉದುರಿಹೋಗಿದೆ. ನಡುವಿನ ತಿರುವು ದಾಟಿದ ಮೇಲೆ ನೆಲ ಇಳಿಜಾರಾಗುತ್ತದೆ. ಗೋಡೆಯಿಂದ ಜಿನುಗುವ ನೀರು ಅಲ್ಲಿ ಸದಾ ಹರಿಯುವುದರಿಂದ ಬ್ರೇಕು ಹಿಡಿಯುವುದಿಲ್ಲ. ಇಳಿಜಾರಿನ ಬುಡದಲ್ಲಿ ಚರಂಡಿಯ ಕಲ್ಲುಚಪ್ಪಡಿ ಕುಸಿದು ಬಾವಿಯಂಥ ಗುಂಡಿಯಾಗಿದೆ. ದಾಟಲು ಎಡಗೋಡೆಯ ಪಕ್ಕ ಮೊಳದಷ್ಟು ಜಾಗ. 'ಕಾಮಗಾರಿ ಪ್ರಗತಿಯಲ್ಲಿದೆ' ಎಂಬ ಫಲಕವೊಂದಿತ್ತು. ಅದೂ ಗುಂಡಿಯೊಳಗೇ ಬಿದ್ದಿದೆ. ಹಿಂದೊಮ್ಮೆ ಒಬ್ಬ ಹಾಲಿನವನು ಬಿದ್ದು ಸತ್ತಾಗ, ಸುರಂಗ ಹಳೆಯದಾಗಿದೆ ಎಂದು ತನಿಖೆ ಮುಗಿಸಿದ್ದರು. ಸೈಕಲ್ಲಿನವನು ಸತ್ತರೆ ಯಾರು ಕೊಂದರು ಎಂದು ಯಾರೂ ಕೇಳುವುದಿಲ್ಲ, ಯಾವ ಗುಂಡಿ ಎಂದು ಕೇಳುತ್ತಾರೆ.

ದಿನವೂ ಅವನು ಮುಂದೆ, ಭಾವ ಹಿಂದೆ. ಇಳಿಜಾರಿನ ತಲೆಗೆ ಬಂದಾಗ ಅವನು ಎರಡು ಸಲ ಬೆಲ್ ಹೊಡೆಯುತ್ತಿದ್ದ: ಎಡಗೋಡೆಗೆ ಬನ್ನಿ, ಗುಂಡಿ ಬಂತು. ಭಾವ ಆ ಸದ್ದು ಹಿಡಿದೇ ಗೋಡೆ ಸವರಿಕೊಂಡು ಇಳಿಯುತ್ತಿದ್ದ. ಹಾಗಾದರೆ ಮಾಡಬೇಕಾದ್ದೇನು? ಏನೂ ಇಲ್ಲ. ಒಂದು ದಿನ ಬೆಲ್ ಹೊಡೆಯದಿದ್ದರಾಯಿತು. ಕೈಯಲ್ಲಿ ಆಯುಧವಿಲ್ಲ, ಎಲ್ಲೂ ಬೆರಳಿನ ಗುರುತಿಲ್ಲ. ಯಾರಾದರೂ ಕೇಳಿದರೆ, ಹೊಡೆದೆ, ಪಾಪ ಅವರಿಗೆ ಕೇಳಿಸಲಿಲ್ಲವೇನೋ ಎಂದರೆ ಮುಗಿಯಿತು. ತನಗೆ ಕೊಡದ ಮೌನವನ್ನು ಅವನು ಭಾವನಿಗೆ ಕೊಡುತ್ತಾನೆ, ಅಷ್ಟೇ.

ಲೆಕ್ಕಾಚಾರ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅದನ್ನು ನೆನೆದಾಗಲೆಲ್ಲ ಅವನು ಮತ್ತೆ ಮೊದಲಿನಿಂದ ಕೂಡಿಸಿ ನೋಡುತ್ತಿದ್ದ.

ವಿಚಾರಣೆಯ ದಿನ ಬೆಳಿಗ್ಗೆ ಸುರಂಗದ ಬಾಯಲ್ಲಿ ಇಬ್ಬರೂ ಇಳಿದು ನಿಂತರು. ಭಾವ ಎಂದಿನಂತೆ ಕಾಲಿನಿಂದ ದೀಪದ ಡೈನಮೋವನ್ನು ಚಕ್ರಕ್ಕೆ ಒತ್ತಿದ.

"ರಾತ್ರಿಯೆಲ್ಲ ಓಡಾಡ್ತಿದ್ದೆಯಂತೆ, ನಿಮ್ಮಕ್ಕ ಹೇಳಿದ್ಲು. ಹೆದರ್ಬೇಡ. ಹೇಳಿದ್ಮೇಲೆ ಹಗುರ ಆಗುತ್ತೆ." ಆಮೇಲೆ ಅವನ ಹ್ಯಾಂಡಲ್ಲನ್ನು ಕೈಯಿಂದ ತಡವಿ, "ಇನ್ನೂ ದೀಪ ಹಾಕಿಸ್ಲಿಲ್ವಲ್ಲೋ ಇದಕ್ಕೆ," ಎಂದ.

"ನನ್ನ ಕಣ್ಣಿಗೇನಾಗಿದೆ ಭಾವ? ದೀಪ ಬೇಕಾದವರು ನೀವು."

"ನಂಗೇನು, ದೀಪ ಇದ್ರೆ ಹಾಲು ಚೆಲ್ಲಿದ ಹಾಗೆ, ಇಲ್ದಿದ್ರೆ ಮಸಿ ಬಳಿದ ಹಾಗೆ. ನಿನ್ನ ಬೆಲ್ಲೇ ನನ್ನ ಕಣ್ಣು." ಭಾವ ನಕ್ಕ. "ನಡಿ ಮುಂದೆ."

ಆ ನಗು ಕೇಳಿ ಅವನಿಗೆ, ಇನ್ನೂ ಸಮಯವಿದೆ ಅನಿಸಿತು. ಆದರೆ ವಿಚಾರಣೆಯ ಕೋಣೆ, ಉದ್ದನೆಯ ಮೇಜು, ಕೈಗೆ ಬಟ್ಟೆ ಸುತ್ತಿಕೊಂಡು ಎದುರು ಕೂತ ಹೆಂಗಸು ಕಣ್ಣೆದುರು ಬಂದು ಕಾಲು ತಾನಾಗಿ ಪೆಡಲ್ ತುಳಿಯಿತು.

ಒಳಗೆ ತಣ್ಣಗಿತ್ತು. ಬಾಯಿಯ ಬೆಳಕು ಹಿಂದೆ ಕುಗ್ಗುತ್ತ ಬಂದು ತಿರುವಿನಲ್ಲಿ ಅಳಿಸಿಹೋಯಿತು. ಮುಂದೆ ಅವನದೇ ನೆರಳು, ತೆಳ್ಳಗೆ, ಉದ್ದಕ್ಕೆ, ಒದ್ದೆ ನೆಲದ ಮೇಲೆ ನಡುಗುತ್ತ ಓಡುತ್ತಿತ್ತು. ಅದು ತನಗಿಂತ ಮೊದಲೇ ಹೋಗಿ ಯಾರಿಗೋ ಚಾಡಿ ಹೇಳುತ್ತದೆ ಎಂಬಂತೆ ಅವನಿಗೆ ಭಯವಾಯಿತು. ಹಿಂದೆ ಭಾವನ ಡೈನಮೋ ಗುಯ್‌ಗುಡುತ್ತಿತ್ತು. ತಿರುಗಿ ನೋಡಬೇಕಾಗಿಲ್ಲ ಎಂದು ಅವನು ಮೊದಲೇ ಗೊತ್ತುಮಾಡಿಕೊಂಡಿದ್ದ. ಆ ಸದ್ದು ನಿಂತರೆ ಕೆಲಸ ಮುಗಿದಂತೆ. ಆಮೇಲೆ ನಿಲ್ಲದೆ ಆಚೆ ಬಾಯಿಯವರೆಗೂ ಹೋಗುವುದು, ಅಲ್ಲಿ ಕೂಗಿಕೊಳ್ಳುವುದು.

ಇಳಿಜಾರಿನ ತಲೆ ಬಂತು. ಹೆಬ್ಬೆರಳು ಅಭ್ಯಾಸಬಲದಿಂದ ಬೆಲ್ಲಿನ ಮೇಲೆ ಹೋಯಿತು. ಅದನ್ನು ಮಡಿಸಿ ಮುಷ್ಟಿಯೊಳಗೆ ಸೇರಿಸಿ ಹಲ್ಲು ಕಚ್ಚಿ ಇಳಿಯತೊಡಗಿದ. ಸೈಕಲ್ಲು ವೇಗ ಹಿಡಿಯಿತು. ಬೆನ್ನಿನ ಹಿಂದೆ ಬೀಳಬೇಕಾದ ಸದ್ದಿಗಾಗಿ ಇಡೀ ಮೈ ಕಿವಿಯಾಯಿತು.

ಡೈನಮೋ ನಿಂತಿತು. ಆದರೆ ಬಿದ್ದ ಸದ್ದಿಲ್ಲ, ಚೀತ್ಕಾರವಿಲ್ಲ. ಗುಯ್ ಎನ್ನುವುದು ಮೆಲ್ಲಗೆ ಇಳಿದು, ಇಳಿಜಾರಿನ ತಲೆಯಲ್ಲೇ ಸುಮ್ಮನಾಯಿತು. ಅದರೊಡನೆ ಅವನ ನೆರಳೂ ಹೋಯಿತು. ಎಡಗೋಡೆ ಹೋಯಿತು, ಒದ್ದೆ ನೆಲ ಹೋಯಿತು, ಹ್ಯಾಂಡಲ್ ಹಿಡಿದ ಅವನ ಕೈಗಳೂ ಹೋದವು. ಇಷ್ಟು ದಿನ ಅವನು ಈ ಗುಂಡಿಯನ್ನು ದಾಟಿದ್ದು ಹಿಂದಿನಿಂದ ಭಾವನ ದೀಪ ಚೆಲ್ಲುತ್ತಿದ್ದ ಬೆಳಕಿನಲ್ಲಿ. ಆ ದೀಪ, ಭಾವನ ಚಕ್ರ ತಿರುಗುವಷ್ಟು ಹೊತ್ತು ಮಾತ್ರ ಉರಿಯುವಂಥದ್ದು. ಎರಡೂ ಬ್ರೇಕು ಒತ್ತಿದ. ನೆನೆದ ಚಕ್ರ ಜಾರುತ್ತಲೇ ಹೋಯಿತು. ಮೇಲಿನಿಂದ, ನೆಲಕ್ಕೆ ಕಾಲೂರಿ ನಿಂತಿದ್ದ ಭಾವನ ದನಿ ಸುರಂಗದ ತುಂಬ ಹರಡಿ ಬಂತು: "ಬೆಲ್ ಕೇಳಿಸ್ಲಿಲ್ಲ ಕಣೋ, ಅದಕ್ಕೇ ನಿಂತ್ಕೊಂಡೆ. ನಿಂಗೇನೂ ಆಗಿಲ್ಲ ತಾನೇ?"