ತೇಪೆ ಮುಟ್ಟದ ಊಟ

ಎದೆಬಡಿತ ನಿಂತಿತ್ತು. ಆದರೆ ಹೆಣವೇ ಇರಲಿಲ್ಲ.

"ಕೊಲೆ ಅಂತ್ಲೇ ಬರ್ಕೊಳ್ಳಿ," ಎಂದರು ದೊಡ್ಡ ಡಾಕ್ಟರು.

ಇನ್‌ಸ್ಪೆಕ್ಟರ್ ಕಣ್ಣು ಕಣ್ಣು ಬಿಟ್ಟ. ಮೇಜಿನ ಮೇಲೆ ಅಂಗೈಯಗಲದ ಗಾಜಿನ ಬಟ್ಟಲು. ಅದರಲ್ಲಿ ಕೆಂಪು ನೀರು. ನೀರಿನಡಿ ಹಾಲಿನ ಕೆನೆಯಂಥ ಒಂದು ತುಣುಕು. ಇದಕ್ಕೆ ಮಹಜರು ಮಾಡುವುದಾದರೂ ಹೇಗಪ್ಪಾ?

"ಇನ್ನೊಂದ್ಸಲ ಹೇಳಿ ಸಾರ್."

ಠಾಣೆಯಲ್ಲಿ ಅವನಿಗೆ 'ಇನ್ನೊಂದ್ಸಲ ಸಾಹೇಬ್ರು' ಎಂದೇ ಹೆಸರು. ಪಾಪ, ಅವನ ತಲೆಗೆ ಯಾವುದೂ ಒಂದೇ ಏಟಿಗೆ ಇಳಿಯುತ್ತಿರಲಿಲ್ಲ.

ಡಾಕ್ಟರು ಉಸಿರುಬಿಟ್ಟು ಮತ್ತೆ ಶುರುಮಾಡಿದರು. ಹೃದಯಾಘಾತವಾದಾಗ ಹೃದಯದ ಒಂದು ಭಾಗ ಸಾಯುತ್ತದೆ. ರೋಗಿಯ ರಕ್ತದಿಂದಲೇ ಹೊಸ ಸ್ನಾಯು ಬೆಳೆಸಿ, ಅಲ್ಲಿಗೆ ತೇಪೆಯಂತೆ ಹೊಲಿಯುವುದು ಅವರ ಸಂಶೋಧನೆ. ಮನುಷ್ಯರ ಮೇಲೆ ಇದೇ ಮೊದಲ ಪ್ರಯೋಗ. ಆಪರೇಷನ್ ಇವತ್ತು ಮಧ್ಯಾಹ್ನ.

"ಎರಡು ತೇಪೆ ಬೆಳೆಸಿದ್ವಿ. ಎರಡನ್ನೂ ಬೇರೆ ಬೇರೆ ಬೆಚ್ಚನೆ ಪೆಟ್ಟಿಗೇಲಿ ಇಟ್ಟಿದ್ವಿ. ಬೆಳಿಗ್ಗೆ ಬಂದ್ರೆ ಒಂದು ಪೆಟ್ಟಿಗೆ ಪ್ಲಗ್ ಯಾರೋ ಕಿತ್ತಿದಾರೆ. ಬೆಳಗಾಗೋವರೆಗೂ ಕರೆಂಟ್ ಇತ್ತು ಅಂತ ಪೆಟ್ಟಿಗೆ ಮೀಟರ್ ತೋರಿಸ್ತಿದೆ. ಪುಣ್ಯಕ್ಕೆ ಇನ್ನೊಂದು ಬಡೀತಿದೆ. ಅದನ್ನೇ ಹೊಲೀತೀವಿ."

"ಯಾರ ಮೇಲಾದ್ರೂ ಅನುಮಾನ?"

"ಹೋದ ವಾರ ಒಬ್ಬ ಜಗಳಗಂಟನ್ನ ಕೆಲಸದಿಂದ ತೆಗೆದೆ. ಬೆಳಿಗ್ಗೆ ಬ್ಯಾಗ್ ತಗೊಂಡು ಹೋಗ್ತೀನಿ ಅಂತ ಒಳಗೆ ಬಂದಿದ್ದನಂತೆ."

ಗೋಡೆಗೊರಗಿ ಒಬ್ಬ ಹುಡುಗಿ ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು. ತೇಪೆಗಳನ್ನು ನೋಡಿಕೊಳ್ಳುವ ಸಂಶೋಧಕಿ ಅವಳೇ. ರೋಗಿ ಅವಳ ತಾಯಿ.

"ನೀನು ಇದರಿಂದ ದೂರ ಇರಮ್ಮ ಅಂದೆ," ಎಂದರು ಡಾಕ್ಟರು. "ನನ್ನಷ್ಟು ಜೋಪಾನವಾಗಿ ಯಾರು ನೋಡ್ಕೋತಾರೆ ಸಾರ್ ಅಂದ್ಳು. ಮನಸ್ಸು ಕರಗಿಬಿಡ್ತು."

"ನಿನ್ನೆ ಸಂಜೆ ಎರಡೂ ಚೆನ್ನಾಗೇ ಬಡೀತಿದ್ವು," ಎಂದಳು ಅವಳು. "ನಾನೇ ನೋಡಿ, ಎರಡಕ್ಕೂ ಊಟ ಹಾಕಿ ಹೋದೆ."

*

ಜಗಳಗಂಟ ಠಾಣೆಯಲ್ಲೂ ಜಗಳವನ್ನೇ ಆಡಿದ.

"ಆ ಡಾಕ್ಟರ ಮೇಲೆ ಸಿಟ್ಟಿದೆ ಸ್ವಾಮಿ, ಇಲ್ಲ ಅನ್ನಲ್ಲ. ಆ ತಾಯಿ ಮೇಲೇಕೆ ಸಿಟ್ಟು? ಪ್ಲಗ್ ಕೀಳೋನು ಒಂದೇ ಕಿತ್ತು ಸುಮ್ನಾಗ್ತಿದ್ನಾ? ನಾನಾಗಿದ್ರೆ ಎರಡೂ ಕೀಳ್ತಿದ್ದೆ!"

ಮಾತು ಒರಟು. ಲೆಕ್ಕ ಮಾತ್ರ ಸರಿ. ಇನ್‌ಸ್ಪೆಕ್ಟರ್‌ಗೆ ತಲೆ ಕೆಟ್ಟು ಮೊಸರಾಯಿತು. ಒಂದನ್ನು ಕೊಂದು ಇನ್ನೊಂದನ್ನು ಉಳಿಸುವ ವೈರಿ ಎಂಥವನು? ಅತ್ತ ಆಪರೇಷನ್ ಹೊತ್ತು ಹತ್ತಿರವಾಗುತ್ತಿತ್ತು. ಅವನು ಮತ್ತೆ ಲ್ಯಾಬಿಗೆ ಓಡಿದ.

ಎರಡು ಬಟ್ಟಲುಗಳನ್ನೂ ಪಕ್ಕಪಕ್ಕ ಇಡಿಸಿ ನೋಡಿದ. ಮತ್ತೆ ನೋಡಿದ.

"ಡಾಕ್ಟ್ರೇ, ಬೇಜಾರಾಗ್ಬೇಡಿ. ಇದರಲ್ಲಿ ನೀರು ಕೆಂಪು. ಅದರಲ್ಲಿ ಹಳದಿ. ಯಾಕೆ?"

"ಅದು ನೀರಲ್ಲ ರೀ, ಊಟ. ಹಾಕುವಾಗ ಕೆಂಪಗಿರುತ್ತೆ. ಜೀವ ಇರೋ ತೇಪೆ ರಾತ್ರಿಯೆಲ್ಲ ತಿಂದು, ಬೆಳಗಾಗೋ ಹೊತ್ತಿಗೆ ಹಳದಿ..."

ಡಾಕ್ಟರು ಕೆಂಪು ಬಟ್ಟಲನ್ನು ಎತ್ತಿ ಬೆಳಕಿಗೆ ಹಿಡಿದರು.

"ಇನ್ನೊಂದ್ಸಲ ಹೇಳಿ," ಎಂದ ಇನ್‌ಸ್ಪೆಕ್ಟರ್. ಈ ಸಲ ಕೇಳಿದ್ದು ಡಾಕ್ಟರನ್ನಲ್ಲ, ಹುಡುಗಿಯನ್ನು. "ನಿನ್ನೆ ಸಂಜೆ ಇದು ಬಡೀತಿತ್ತಾ?"

ಹುಡುಗಿ ಬಟ್ಟಲಿನಿಂದ ಮುಖ ತಿರುಗಿಸಿದಳು.

"ಬೆಳಿಗ್ಗೆ ಪ್ಲಗ್ ಕಿತ್ತಿದ್ದಕ್ಕೆ ಸತ್ತಿದ್ರೆ, ರಾತ್ರಿಯೆಲ್ಲ ಊಟ ಮಾಡಿರ್ಬೇಕಿತ್ತು. ಹಾಕಿದ್ದು ಹಾಕಿದ ಹಾಗೇ ಇದೆ. ನೀವು ನೋಡಿದಾಗ್ಲೇ ಅದು ಸತ್ತಿತ್ತು. ಗೊತ್ತಿದ್ದೂ ಊಟ ಹಾಕಿದ್ರಿ. ಬೆಳಿಗ್ಗೆ ಆ ಜಗಳಗಂಟ ಬಂದು ಹೋದ ಮೇಲೆ ಪ್ಲಗ್ ಕಿತ್ರಿ. ಸತ್ತಿದ್ದನ್ನೇ ಯಾಕಮ್ಮ ಮತ್ತೆ ಕೊಂದ್ರಿ?"

ಅವಳು ಹಳದಿ ಬಟ್ಟಲಿಗೆ ಕೈ ಅಡ್ಡ ಇಟ್ಟಳು.

"ತಾನಾಗೇ ಸತ್ತಿದೆ ಅಂದ್ರೆ ಆಪರೇಷನ್ ನಿಲ್ಲಿಸ್ತಿದ್ರು. ಯಾರೋ ಕೊಂದ್ರು ಅಂದ್ರೆ ಇನ್ನೊಂದನ್ನ ಹೊಲೀತಾರಲ್ಲ! ಅಮ್ಮಂಗೆ ಇನ್ನು ಬೇರೆ ದಾರಿ ಇಲ್ಲ ಸಾರ್. ಒಂದು ಸತ್ರೆ ಇನ್ನೊಂದೂ ಸಾಯ್ಬೇಕು ಅಂತ ಏನಿದೆ?"

"ಎರಡೂ ಒಂದೇ ರಕ್ತದಿಂದ ಬಂದಿದ್ದು ಕಣಮ್ಮ," ಎಂದರು ಡಾಕ್ಟರು. ಹಳದಿ ನೀರಿನ ಬಟ್ಟಲನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಆಪರೇಷನ್ ನಿಲ್ಲಿಸಿ ಎಂದು ಫೋನ್ ಮಾಡಿದರು.

ಅದಕ್ಕೆ ಜೋಡಿಸಿದ್ದ ಪರದೆಯ ಮೇಲೆ ತೇಪೆ ಬಡಿಯುತ್ತಿತ್ತು. ಮೂವರೂ ಅಲ್ಲೇ ಕೂತು ನೋಡಿದರು. ಇನ್‌ಸ್ಪೆಕ್ಟರ್‌ಗೆ ತಾನು ಏನನ್ನು ಬಯಸಬೇಕೆಂದೇ ತಿಳಿಯಲಿಲ್ಲ. ಅದು ಬಡಿಯುತ್ತಲೇ ಇದ್ದರೆ, ತಾನು ಸುಮ್ಮನೆ ಆಪರೇಷನ್ ತಪ್ಪಿಸಿ ಒಬ್ಬ ತಾಯಿಯ ಬಾಯಿಗೆ ಬಂದ ತುತ್ತನ್ನು ಕಿತ್ತಂತೆ. ನಿಲ್ಲಲಿ ಎನ್ನಲು ಬಾಯಿ ಬರುತ್ತದೆಯೇ?

ಮಧ್ಯಾಹ್ನ ಆಪರೇಷನ್ನಿಗೆ ಗೊತ್ತಾಗಿದ್ದ ಹೊತ್ತು ಕಳೆಯಿತು. ಸ್ವಲ್ಪದರಲ್ಲೇ ತೇಪೆ ಒಮ್ಮೆ ತಡವರಿಸಿತು. ಮತ್ತೆ ಬಡಿಯಿತು. ಆಮೇಲೆ ಬಡಿಯಲಿಲ್ಲ.

ಇಷ್ಟು ಹೊತ್ತಿಗೆ ಅದು ತಾಯಿಯ ಎದೆಯೊಳಗಿರುತ್ತಿತ್ತು. ಹುಡುಗಿ "ಅಮ್ಮಾ" ಎಂದಳು.

*

ವಾರ್ಡಿನಲ್ಲಿ ತಾಯಿ ದಿಂಬಿಗೊರಗಿ ಕೂತಿದ್ದರು. ಇನ್‌ಸ್ಪೆಕ್ಟರ್ ನಿಂತಲ್ಲೇ ಎಲ್ಲವನ್ನೂ ಹೇಳಿದ. ತಡವರಿಸುತ್ತಾ, ಹಿಂದುಮುಂದಾಗಿ, ಹೇಳಿದ್ದನ್ನೇ ಹೇಳುತ್ತಾ. ಮಗಳು ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದಳು.

ತಾಯಿ ಮಗಳ ಕಡೆ ನೋಡಿದರು.

"ಹಾಗಾದ್ರೆ ಇವತ್ತು ಕೊಯ್ಯಲ್ಲ. ನಾನು ಊಟ ಮಾಡಬಹುದಾ?"

"ಮಾಡಬಹುದು ತಾಯಿ."

"ಅವಳೂ ನಿನ್ನೆಯಿಂದ ಏನೂ ತಿಂದಿರಲ್ಲ. ಹುಚ್ಚು ಮುಂಡೇದು. ಕರ್ಕೊಂಡು ಹೋಗೋದು ಇದ್ದೇ ಇದೆ, ಹೋಗಿ. ಅದಕ್ಕೆ ಮುಂಚೆ ಇಲ್ಲೇ ನನ್ ಜೊತೆ ಎರಡು ತುತ್ತು ತಿನ್ನಲಿ ಸಾರ್."

ಇನ್‌ಸ್ಪೆಕ್ಟರ್‌ಗೆ ಇದು ಒಂದೇ ಸಲಕ್ಕೆ ಅರ್ಥವಾಯಿತು. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಕ್ಯಾಂಟೀನು ಯಾವ ಕಡೆ ಎಂದು ನರ್ಸನ್ನು ಕೇಳಿದ.